ಮೊಲದ ಬೇಟೆಗೆ ಯಾವ ಮಾಸ ಲೇಸು?

ಫಾಲ್ಗುಣ ಮಾಸ ಮುಗಿಯುತ್ತ ಬಂದು, ದೀಪಾಂಜಲಿ ನಗರದ ಬೀದಿಗಳಲ್ಲಿ ಹೊಂಗೆಯ ಮರಗಳು ಎಳೆಯ ಹಸಿರನ್ನು ತಳೆದು ನಿಲ್ಲುವ ಹೊತ್ತಿಗೆ, ನಮ್ಮ ಮನೆಯಲ್ಲಿ ಪ್ರತಿ ವರ್ಷವೂ ಒಂದೇ ಚರ್ಚೆ. ಯುಗಾದಿಗೆ ಊರಿಗೆ ಹೋಗುವುದೋ, ಇಲ್ಲಿಯೇ ಬೇವುಬೆಲ್ಲ ತಿಂದು ಸುಮ್ಮನಾಗುವುದೋ? ಊರೆಂದರೆ ಬಹಳ ದೂರವಲ್ಲ. ಮಾಗಡಿಯ ಕಡೆಯ ಒಂದು ಹಳ್ಳಿ. ಆದರೂ ಮೊಮ್ಮಕ್ಕಳಿಗೆ ಅಲ್ಲಿ ಹೊತ್ತು ಹೋಗದು ಎಂಬ ದೂರು ಇದ್ದೇ ಇರುತ್ತದೆ.

ಈ ಸಲ ಮಾತ್ರ ಹಿರಿಯ ಮೊಮ್ಮಗ ಎಲ್ಲರಿಗಿಂತ ಮೊದಲು ಹೊರಟು ನಿಂತಿದ್ದ. ಓದು ಮುಗಿಸಿ, ಸರಕಾರಿ ಕೆಲಸದ ಪರೀಕ್ಷೆ ಬರೆದು, ಫಲಿತಾಂಶದ ದಾರಿ ಕಾಯುತ್ತಿರುವ ಹುಡುಗ. ಅವನ ಉತ್ಸಾಹದ ಕಾರಣ ಸಂಜೆ ಕಾಫಿಯ ಹೊತ್ತಿಗೆ ಹೊರಬಿದ್ದಿತು.

“ತಾತ, ಹೊಸತೊಡಕಿನ ದಿನ ಊರಿನ ಹುಡುಗರೆಲ್ಲ ಸೇರಿ ಮೊಲಕ್ಕೆ ಹೋಗುತ್ತಾರಂತೆ. ನನ್ನನ್ನೂ ಕರೆದಿದ್ದಾರೆ. ನೀವು ಚಿಕ್ಕವರಾಗಿದ್ದಾಗ ಹೋಗುತ್ತಿದ್ದಿರಂತಲ್ಲ, ಮೊಲ ಹೊಡೆಯುವುದಕ್ಕೆ ಯಾವ ತಿಂಗಳು ಒಳ್ಳೆಯದು? ಯಾವಾಗ ಮಾಂಸ ರುಚಿ?”

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನನ್ನಾಕೆ ಬಾಗಿಲಿಗೆ ಬಂದು ನನ್ನ ಮುಖವನ್ನೇ ನೋಡಿದಳು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವುಂಟೆಂಬುದೂ, ಅದನ್ನು ಹೇಳುವುದು ನನಗೆ ಸುಲಭವಲ್ಲವೆಂಬುದೂ ಅವಳಿಗೆ ಗೊತ್ತು. “ಕುಳಿತುಕೊಳ್ಳಪ್ಪ, ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದಲ್ಲ” ಎಂದೆ. ಅಂದು ರಾತ್ರಿ ಊಟದವರೆಗೂ ಅವನಿಗೆ ಹೇಳಿದ್ದನ್ನೇ ಓದುಗರ ಮುಂದೆಯೂ ಇಡುತ್ತಿದ್ದೇನೆ. ಹಬ್ಬದ ಮುನ್ನ ಇಂಥ ಪ್ರಶ್ನೆ ನಮ್ಮ ಮನೆಯೊಂದರಲ್ಲಿಯೇ ಹುಟ್ಟುವುದಲ್ಲವಷ್ಟೆ.

ಬೇಟೆರಾಯನ ನೆರೆಯಲ್ಲಿ

ನಾವಿರುವ ನೆಲವೇ ಬೇಟೆಯ ನೆನಪನ್ನು ಹೊತ್ತಿದೆ. ದೀಪಾಂಜಲಿ ನಗರದ ಮಗ್ಗುಲಲ್ಲಿ, ಮೈಸೂರು ರಸ್ತೆಯ ಬದಿಯಲ್ಲಿರುವುದು ಬ್ಯಾಟರಾಯನಪುರ. ಬ್ಯಾಟರಾಯನೆಂದರೆ ಬೇಟೆರಾಯ, ಬೇಟೆಗಾರನ ರೂಪದ ವಿಷ್ಣು. ಗಡಿಯಾಚೆ ತಮಿಳುನಾಡಿನ ಡೆಂಕಣಿಕೋಟೆಯಲ್ಲಿ ಬೇಟೆರಾಯಸ್ವಾಮಿಯ ಹೆಸರಾಂತ ದೇವಸ್ಥಾನವಿದೆ. ಆ ಸೀಮೆಯ ಕನ್ನಡಿಗರು ಇಂದಿಗೂ ಅವನ ಒಕ್ಕಲು. ದೇವರಿಗೇ ಬೇಟೆಯ ಬಿರುದು ಕೊಟ್ಟವರು ನಮ್ಮ ಹಿರಿಯರು.

ಅಷ್ಟೇ ಅಲ್ಲ. ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿದರೆ ಅತ್ತಿಗುಪ್ಪೆಯನ್ನು ದಾಟಿದ ಮುಂದಿನ ನಿಲ್ದಾಣವೇ ವಿಜಯನಗರ. ಆ ಹೆಸರಿನ ಮಹಾಸಾಮ್ರಾಜ್ಯದ ಹುಟ್ಟಿಗೂ ಮೊಲಕ್ಕೂ ನಂಟು ಹೇಳುವ ಐತಿಹ್ಯವನ್ನು ಕೇಳದ ಕನ್ನಡಿಗರಿಲ್ಲ. ತುಂಗಭದ್ರೆಯ ತೀರದಲ್ಲಿ ಹಕ್ಕಬುಕ್ಕರು ಬೇಟೆಗೆ ಹೋಗಿದ್ದಾಗ, ಓಡಬೇಕಾಗಿದ್ದ ಮೊಲವೇ ತಿರುಗಿನಿಂತು ಬೇಟೆನಾಯಿಗಳನ್ನು ಅಟ್ಟಿಸಿಕೊಂಡು ಹೋಯಿತಂತೆ. ಇದು ಗಂಡುಮೆಟ್ಟಿನ ನೆಲವೆಂದು ತಿಳಿದು ಅಲ್ಲಿಯೇ ರಾಜಧಾನಿ ಕಟ್ಟಿದರಂತೆ. ನಮ್ಮ ಬೆಂಗಳೂರಿನ ಬಗೆಗೂ ಇಂಥದೇ ಕಥೆಯಿದೆ. ೧೫೩೭ರಲ್ಲಿ ಕೋಟೆ ಕಟ್ಟಿಸಿದ ಕೆಂಪೇಗೌಡರು, ಅದಕ್ಕೆ ಮೊದಲು ಬೇಟೆಯಾಡುತ್ತಿದ್ದಾಗ ಮೊಲವೊಂದು ನಾಯಿಯನ್ನು ಬೆನ್ನಟ್ಟಿದ್ದನ್ನು ಕಂಡರೆಂದು ಹಳಬರು ಹೇಳುತ್ತಾರೆ.

ಐತಿಹ್ಯ ಐತಿಹ್ಯವೇ, ಅದನ್ನು ಚರಿತ್ರೆಯೆನ್ನಲಾಗದು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಬೇಟೆಗಾರರೇ ಹೇಳಿಕೊಂಡು ಬಂದ ಈ ಕಥೆಗಳಲ್ಲಿ ಮೊಲ ಸತ್ತು ಸಾರಾದದ್ದಿಲ್ಲ. ತಪ್ಪಿಸಿಕೊಂಡ ಮೊಲವನ್ನೇ ಊರಿನ ಮೊದಲ ಒಕ್ಕಲೆಂಬಂತೆ ಅವರು ನೆನೆದರು.

ಅಟ್ಟದ ಮೇಲಿನ ಬಲೆ

“ಅದೆಲ್ಲ ಸರಿ ತಾತ, ತಿಂಗಳು ಯಾವುದು?” ಎಂದ ಮೊಮ್ಮಗ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ವಯಸ್ಸು ಅವನದು.

ಹೌದು, ತಿಂಗಳು ಇತ್ತು. ನಮ್ಮ ಹಳ್ಳಿಯಲ್ಲಿ ಮೊಲದ ಬೇಟೆಗೆ ಪಂಚಾಂಗವೇ ಇದ್ದಿತು. ಬರೆದದ್ದಲ್ಲ, ಬಾಯಿಂದ ಬಾಯಿಗೆ ಬಂದದ್ದು. ನನ್ನ ದೊಡ್ಡಪ್ಪನೇ ಅದಕ್ಕೆ ಜೋಯಿಸ. ಮಳೆಗಾಲದಲ್ಲಿ ಬೇಟೆಯ ಮಾತೇ ಇಲ್ಲ. ಹೊಲದಲ್ಲಿ ಬೆಳೆ ನಿಂತಿರುತ್ತದೆ, ಕೈಯಲ್ಲಿ ಕಳೆಯ ಕೆಲಸ ತುಂಬಿರುತ್ತದೆ, ಪೊದೆಗಳು ಎಲೆಯಿಂದ ಕಿಕ್ಕಿರಿದು ಮೊಲ ಎರಡು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಸುಗ್ಗಿಯಾಗಿ, ರಾಗಿ ಕಣ ಸೇರಿ, ಹೊಲ ಬೋಳಾದ ಮೇಲೆ ಪುಷ್ಯದಿಂದ ಚೈತ್ರದವರೆಗೆ ಬೇಟೆಯ ಕಾಲ. ಆಗ ರೈತನಿಗೆ ಬಿಡುವು. ಕುರುಚಲು ಎಲೆ ಉದುರಿಸಿರುತ್ತದೆ. ಅವರೆ, ಹುರುಳಿ ಮೇದ ಮೊಲ ಮೈತುಂಬಿಕೊಂಡಿರುತ್ತದೆ. ಮಾಗಿಯ ಚಳಿಯಲ್ಲಿ ಮಾಂಸ ಬೇಗ ಕೆಡದು. ಅದರಲ್ಲಿಯೂ ಮಾಘವೇ ಉತ್ತಮವೆಂದು ದೊಡ್ಡಪ್ಪ ಹೇಳುತ್ತಿದ್ದರು. ಚೈತ್ರದ ಹೊಸತೊಡಕು ಆ ವರ್ಷದ ಕಡೆಯ ಬೇಟೆ. ಆಮೇಲೆ ಬಲೆ ಅಟ್ಟ ಸೇರುವುದು.

ಬೇಟೆಯ ಕ್ರಮವೂ ಹೀಗೆಯೇ ಗೊತ್ತಾದದ್ದು. ಬೇಲಿಯ ಕಂಡಿಗಳಿಗೆ ಅಡ್ಡವಾಗಿ ಬಲೆ ಕಟ್ಟಿ, ಇಬ್ಬರು ಮೂವರು ಮರೆಯಲ್ಲಿ ಕುಳಿತುಕೊಳ್ಳುವರು. ಉಳಿದವರು ಗುಡ್ಡದ ಆಚೆಯಿಂದ ತಮಟೆ ಬಡಿಯುತ್ತ, ಕೂಗು ಹಾಕುತ್ತ ಬರುವರು. ಮೊಲ ತಾನು ದಿನವೂ ಓಡಾಡುವ ದಾರಿಯನ್ನು ಬಿಟ್ಟು ಓಡುವುದು ಅಪರೂಪ. ಆ ದಾರಿಯನ್ನು ಗುರುತಿಸುವುದೇ ಬೇಟೆಯ ಮುಕ್ಕಾಲು ವಿದ್ಯೆ. ಸಿಕ್ಕಿದ್ದನ್ನು ಬಲೆಯವನಿಗೆ, ಅಟ್ಟಿದವರಿಗೆ, ನಾಯಿಯವನಿಗೆಂದು ಪಾಲು ಹಾಕುವರು. ಒಂದು ಮೊಲ ಎಷ್ಟಾದೀತು? ಎರಡು ಮೂರು ಸೇರಿನಷ್ಟು ತೂಕದ ಪ್ರಾಣಿ. ಹತ್ತು ಮನೆಗೆ ಹಂಚಿದರೆ ಒಬ್ಬೊಬ್ಬರ ಮುದ್ದೆಗೆ ಸಾರಿನ ವಾಸನೆ ಮುಟ್ಟುತ್ತಿತ್ತು, ಅಷ್ಟೆ.

ಇಂಥ ಪಂಚಾಂಗ ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. ಕೊಡಗಿನಲ್ಲಿ ಗದ್ದೆಯ ನಾಟಿ ಮುಗಿಯುವವರೆಗೆ ಕೋವಿ ಕತ್ತಿಗಳನ್ನು ದೇವರ ಬಳಿ ಇಟ್ಟಿದ್ದು, ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದು ಹಬ್ಬದಂದು ಪೂಜಿಸಿ ಕೈಗೆತ್ತಿಕೊಳ್ಳುವ ಪದ್ಧತಿಯಿತ್ತು. ಬೇಟೆಯ ಕಾಲ ಅಂದಿನಿಂದ ಮೊದಲಾಗುತ್ತಿತ್ತು. ಇಂದು ಅಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ಹಬ್ಬದ ಸಂಭ್ರಮವಾಗಿದೆ. ಮಂಗಳೂರು, ಉಡುಪಿ, ಕಾಸರಗೋಡಿನ ತುಳುವರು ಫೆಬ್ರವರಿಯ ಹೊತ್ತಿಗೆ ಆಚರಿಸುವ ಕೆಡ್ಡಸದಲ್ಲಿ ಭೂಮಿತಾಯಿ ಮೂರು ದಿನ ರಜಸ್ವಲೆಯೆಂದು ಭಾವಿಸಿ ನೇಗಿಲನ್ನು ನೆಲಕ್ಕೆ ಮುಟ್ಟಿಸುವುದಿಲ್ಲ. ಹಿಂದೆ ಗಂಡಸರು ಆ ಬಿಡುವಿನಲ್ಲಿ ಊರೊಟ್ಟಿಗೆ ಬೇಟೆಗೆ ಹೋಗುತ್ತಿದ್ದರು. ರಾಯಚೂರಿನ ಕಡೆಯೂ ಯುಗಾದಿಯ ಆಸುಪಾಸಿನಲ್ಲಿ ಊರಿನವರೆಲ್ಲ ಕೂಡಿ ಬೇಟೆಗೆ ಹೊರಡುವ ರೂಢಿಯಿತ್ತು. ಇವೆಲ್ಲದರ ಹಿಂದೆ ಇರುವುದು ಒಂದೇ ಲೆಕ್ಕ: ಬೇಸಾಯಕ್ಕೆ ಬಿಡುವಾದಾಗ ಬೇಟೆ, ಬೇಸಾಯದ ಕಾಲದಲ್ಲಿ ಬೇಟೆಗೆ ಬಿಡುವು.

ತುಮಕೂರು, ಚಿತ್ರದುರ್ಗದ ಸೀಮೆಯ ಕೆಲವು ಹಳ್ಳಿಗಳಲ್ಲಿ ಇನ್ನೂ ಸೊಗಸಾದ ಪದ್ಧತಿಯೊಂದುಂಟು. ಸಂಕ್ರಾಂತಿಯಂದು ಬಲೆಯಲ್ಲಿ ಜೀವಂತ ಮೊಲವನ್ನು ಹಿಡಿದು ತಂದು, ದೇವಸ್ಥಾನದಲ್ಲಿ ಪೂಜಿಸಿ, ಮರಳಿ ಕಾಡಿಗೆ ಬಿಟ್ಟುಬಿಡುತ್ತಾರೆ. ಕಾಯಿದೆಯ ಕಣ್ಣಿಗೆ ಹಿಡಿಯುವುದೂ ತಪ್ಪೇ. ಆದರೂ ಹಿಡಿದದ್ದನ್ನು ಬಿಡುವುದೇ ಹಬ್ಬವೆಂದು ಬಗೆದವರೂ ನಮ್ಮವರೇ ಎಂಬುದು ನೆನಪಿಡತಕ್ಕ ಸಂಗತಿ.

೧೯೬೪ರ ಭಾದ್ರಪದ

ಇಷ್ಟು ಹೇಳಿ ನಿಲ್ಲಿಸಬಹುದಾಗಿತ್ತು. ಹುಡುಗ ಸಂತೋಷದಿಂದ ಊರಿಗೆ ಫೋನು ಮಾಡುತ್ತಿದ್ದ. ಆದರೆ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋಗಲಿಲ್ಲ. ಆದ್ದರಿಂದ ಉಳಿದದ್ದನ್ನೂ ಹೇಳಬೇಕಾಯಿತು.

೧೯೬೪ರಲ್ಲಿ ನನಗೆ ಹನ್ನೆರಡು ವರ್ಷ. ಗೌರಿ ಗಣೇಶ ಹಬ್ಬ ಕಳೆದಿತ್ತು. ನಮ್ಮ ಕಡಲೆಕಾಯಿ ಹೊಲದ ಅಂಚಿನಲ್ಲಿ ಮೊಲವೊಂದು ದಿನವೂ ಬಂದು ಹೋಗುವ ದಾರಿಯನ್ನು ನಾನು ಗುರುತಿಸಿದ್ದೆ. ಹುಲ್ಲು ಬಾಗಿದ್ದ ಸಣ್ಣ ಸುರಂಗ, ಅದರ ಬಾಯಲ್ಲಿ ಗೋಲಿಯಂಥ ಹಿಕ್ಕೆ. ದೊಡ್ಡಪ್ಪನಿಗೆ ಹೇಳಿದರೆ ಬೈಗುಳ ನಿಶ್ಚಯ. ಆ ತಿಂಗಳು ಬಲೆಯನ್ನು ಅಟ್ಟದಿಂದ ಇಳಿಸುವುದಿರಲಿ, ಅದರ ಹೆಸರೆತ್ತುವುದಕ್ಕೂ ಅವರು ಬಿಡುತ್ತಿರಲಿಲ್ಲ. ನಾನು ಬಲೆಯ ಗೋಜಿಗೆ ಹೋಗದೆ, ಬಾವಿಯ ಹಳೆಯ ತಂತಿಯಿಂದ ಉರುಳು ಮಾಡಿ ಬೇಲಿಯ ಬುಡಕ್ಕೆ ಕಟ್ಟಿ ಬಂದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನಾನು ತಂದ ಮೊಲವನ್ನು ಮನೆಯವರೆಲ್ಲ ಹೊಗಳುವುದೇ ಕಣ್ಣಿಗೆ ಕಟ್ಟುತ್ತಿತ್ತು.

ಬೆಳಗಿನ ಜಾವ ಹೋಗಿ ನೋಡಿದರೆ ಮೊಲ ಬಿದ್ದಿತ್ತು. ತಂದು ಜಗಲಿಯ ಮೇಲೆ ಇಟ್ಟೆ. ಅವ್ವ ಏನೂ ಹೇಳಲಿಲ್ಲ; ಕೊಯ್ಯುವುದಕ್ಕೆ ಕುಳಿತಳು. ಸ್ವಲ್ಪ ಹೊತ್ತಿಗೆ ಕತ್ತಿಯನ್ನು ಕೆಳಗಿಟ್ಟು ನನ್ನನ್ನು ಕರೆದಳು. ಹೊಟ್ಟೆಯೊಳಗೆ ಮೂರು ಮರಿ. ಕೂದಲು ಬಂದಿತ್ತು, ಕಿವಿ ಬಂದಿತ್ತು, ಸಣ್ಣ ಉಗುರುಗಳು ಕೂಡ ಬಂದಿದ್ದವು. ಇನ್ನೆರಡು ದಿನ ತಡೆದಿದ್ದರೆ ಹೊಲದಲ್ಲಿ ಓಡಾಡುವ ಮರಿಗಳವು.

ದೊಡ್ಡಪ್ಪ ಬಂದರು; ನೋಡಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಗುದ್ದಲಿ ತೆಗೆದುಕೊಂಡು ನನ್ನ ಕೈಗೆ ಕೊಟ್ಟು, “ಹಿತ್ತಲಲ್ಲಿ ಗುಂಡಿ ತೋಡು” ಎಂದರು. ನಾಲ್ಕನ್ನೂ ಹೂಳಿದೆವು. ಆ ದಿನ ಮನೆಯಲ್ಲಿ ಹುರುಳಿಕಾಳಿನ ಸಾರು.

ತಪ್ಪು ನನ್ನದು, ತಿಂಗಳಿನ ನಿಯಮ ಮುರಿದದ್ದಕ್ಕೆ ಆದ ಫಲ ಎಂದೇ ಎಷ್ಟೋ ವರ್ಷ ತಿಳಿದಿದ್ದೆ. ನಾನು ಕಾಲೇಜು ಸೇರಿದ ಮೇಲೆ ಒಂದು ಸಲ ಊರಿಗೆ ಹೋದಾಗ, ಅಟ್ಟದ ಬಲೆಯನ್ನು ಇಲಿ ಕಡಿದು ಹಾಳು ಮಾಡಿದ್ದನ್ನು ಕಂಡು, “ಈಚೆಗೆ ಬೇಟೆಗೆ ಹೋಗುವುದಿಲ್ಲವೆ ದೊಡ್ಡಪ್ಪ?” ಎಂದು ಕೇಳಿದೆ. ಅವರು ಎಲೆ ಅಡಕೆ ಮೆಲ್ಲುತ್ತ ಹೇಳಿದರು: “ಭಾದ್ರಪದದಲ್ಲಿ ನಿನಗೆ ಸಿಕ್ಕಿದ್ದು ಮಾಘದಲ್ಲಿ ನನಗೂ ಸಿಕ್ಕಿತ್ತು ಕಣಪ್ಪ. ಒಂದು ಸಲ ಅಲ್ಲ. ನಿನಗೆ ಹೇಳಿರಲಿಲ್ಲ.”

ಪಂಚಾಂಗದ ಜೋಯಿಸರೇ ಪಂಚಾಂಗವನ್ನು ಮುಚ್ಚಿಟ್ಟಿದ್ದರು.

ಮೊಲದ ಲೆಕ್ಕವೇ ಬೇರೆ

ದೊಡ್ಡಪ್ಪ ಕಂಡದ್ದು ಆಕಸ್ಮಿಕವಲ್ಲವೆಂಬುದನ್ನು ಪ್ರಾಣಿಶಾಸ್ತ್ರ ಹೇಳುತ್ತದೆ. ನಮ್ಮ ಹೊಲಗಳಲ್ಲಿ ಇರುವುದು ಕುತ್ತಿಗೆಯ ಹಿಂದೆ ಕಪ್ಪು ಮಚ್ಚೆಯುಳ್ಳ ಕಾಡುಮೊಲ. ಅದಕ್ಕೆ ಇಂಥದೇ ಋತುವಿನಲ್ಲಿ ಮರಿ ಹಾಕಬೇಕೆಂಬ ಕಟ್ಟಿಲ್ಲ. ಮಳೆಗಾಲದಲ್ಲಿ ಹಸಿರು ಹೆಚ್ಚಿದಾಗ ಮರಿಗಳೂ ಹೆಚ್ಚು. ಆದರೆ ವರ್ಷದ ಯಾವ ತಿಂಗಳಲ್ಲಿಯೂ ಬಸುರಿಯಾದ ಮೊಲ, ಹಾಲೂಡಿಸುವ ಮೊಲ ಇರಬಹುದು. ಗರ್ಭಧಾರಣೆಯ ಕಾಲ ಸುಮಾರು ಒಂದೂವರೆ ತಿಂಗಳು. ಒಂದು ಸೂಲಿನಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ಮರಿ, ಕೆಲವೊಮ್ಮೆ ನಾಲ್ಕು.

ಪೇಟೆಯಲ್ಲಿ ಗೂಡಿನೊಳಗಿಟ್ಟು ಸಾಕುವ ಸೀಮೆಮೊಲವೇ ಬೇರೆ, ಈ ಕಾಡುಮೊಲವೇ ಬೇರೆ. ಸೀಮೆಮೊಲದ ಪೂರ್ವಜರು ಯೂರೋಪಿನವು. ಬಿಲ ತೋಡಿ ಗುಂಪಾಗಿ ಬಾಳುವಂಥವು. ಅವುಗಳ ಮರಿಗಳು ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿರುವುದಿಲ್ಲ. ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಮೈಯಗಲದ ತಗ್ಗನ್ನು ಮಾಡಿಕೊಂಡು ಹಗಲೆಲ್ಲ ಅಲ್ಲಿಯೇ ಅಡಗಿ, ಇರುಳು ಮೇಯಲು ಹೊರಡುತ್ತದೆ. ಮರಿಗಳು ಕೂದಲು ಹೊದ್ದು, ಕಣ್ಣು ತೆರೆದೇ ಹುಟ್ಟುತ್ತವೆ. ತಾಯಿ ಅವುಗಳ ಬಳಿ ಹೆಚ್ಚು ಹೊತ್ತು ಇರುವುದಿಲ್ಲ; ತನ್ನ ವಾಸನೆ ಹಿಡಿದು ನರಿ ಬಂದೀತೆಂಬ ಎಚ್ಚರಿಕೆಯೋ ಏನೋ, ದೂರವಿದ್ದು ಹಾಲೂಡಿಸುವುದಕ್ಕಷ್ಟೇ ಬರುತ್ತದೆ. ಒಂಟಿಯಾಗಿ ಕಂಡ ಮೊಲ ಒಂಟಿಯೇ ಎಂದು ಹೇಳುವ ಹಾಗಿಲ್ಲ. ಬಲೆಗೆ ಬಿದ್ದದ್ದು ಗಂಡೋ ಹೆಣ್ಣೋ, ಬಸುರಿಯೋ ಬಾಣಂತಿಯೋ ಎಂಬುದು ಕೊಂದ ಮೇಲೆ ತಿಳಿಯುವ ಸಂಗತಿ.

ಶೀತದೇಶಗಳಲ್ಲಿ ಹೀಗಿಲ್ಲ. ಅಲ್ಲಿ ಚಳಿಗಾಲ ಕಟುವಾದುದರಿಂದ ಮೊಲಗಳು ಹೆಚ್ಚಾಗಿ ವಸಂತ, ಬೇಸಗೆಗಳಲ್ಲಿ ಮರಿ ಹಾಕುತ್ತವೆ. ಅದಕ್ಕೆ ಸರಿಯಾಗಿ ಕಾಯಿದೆಯನ್ನೂ ಮಾಡಬಹುದು. ಬ್ರಿಟನ್ನಿನಲ್ಲಿ ೧೮೯೨ರ ಕಾಯಿದೆಯೊಂದು ಮಾರ್ಚಿಯಿಂದ ಜುಲೈವರೆಗೆ ಅಲ್ಲಿಯ ಕಾಡುಮೊಲಗಳ ಮಾರಾಟವನ್ನು ತಡೆಯಿತು. ಅಮೆರಿಕದ ಬೇಟೆಗಾರರು ಮೊದಲ ಹಿಮ ಬಿದ್ದಲ್ಲದೆ ಮೊಲ ಹೊಡೆಯಬಾರದೆನ್ನುತ್ತಾರೆ. ಇದಕ್ಕೆ ಕಾರಣ ರುಚಿಯಲ್ಲ, ರೋಗ. ೧೯೧೧ರಲ್ಲಿ ಕ್ಯಾಲಿಫೋರ್ನಿಯಾದ ಟುಲೇರ್ ಪ್ರಾಂತದಲ್ಲಿ ಗುರುತಿಸಿದ, ಆ ಪ್ರಾಂತದ ಹೆಸರನ್ನೇ ಹೊತ್ತ ಟುಲರೀಮಿಯಾ ಎಂಬ ಜ್ವರ, ಮೊಲವನ್ನು ಸುಲಿದ ಕೈಗಳ ಮೂಲಕ ಹಾಗೂ ಉಣ್ಣೆಗಳ ಮೂಲಕ ಮನುಷ್ಯರಿಗೆ ಹತ್ತುತ್ತದೆ. ಚಳಿ ಬಿದ್ದರೆ ಉಣ್ಣೆ, ಚಿಗಟಗಳ ಕಾಟ ತಗ್ಗುತ್ತದೆ.

ಈ ಲೆಕ್ಕಗಳು ನಮ್ಮ ನಾಡಿಗೆ ಹೊಂದುವುದಿಲ್ಲ. ನಮ್ಮಲ್ಲಿ ಹಿಮವೂ ಬೀಳದು, ಮೊಲ ಮರಿ ಹಾಕುವುದನ್ನು ನಿಲ್ಲಿಸುವ ತಿಂಗಳೂ ಇಲ್ಲ. ಇನ್ನು ಉಣ್ಣೆಯ ಮಾತೆತ್ತಿದರೆ, ನಮ್ಮಲ್ಲಿ ಬೇಟೆಗೆ ಅನುಕೂಲವೆಂದ ಒಣ ತಿಂಗಳುಗಳೇ ಅದರ ಹಾವಳಿಯ ಕಾಲವೂ ಹೌದು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯಿಂದಲೇ ಹರಡುತ್ತದೆ. ಮಲೆನಾಡಿನಲ್ಲಿ ಅದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಚಳಿಗಾಲದಿಂದ ಮಳೆ ಹಿಡಿಯುವ ತನಕ.

ರುಚಿಯ ಮಾತನ್ನೂ ಮುಗಿಸಿಬಿಡೋಣ. ಮೊಲದ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ಉತ್ತರ ಧ್ರುವದ ಕಡೆಯ ಕಾಡುಗಳಲ್ಲಿ ಬೇರೇನೂ ಸಿಕ್ಕದೆ ಬರಿಯ ಮೊಲವನ್ನೇ ತಿಂದವರು, ಹೊಟ್ಟೆ ತುಂಬ ಉಂಡರೂ ಸೊರಗಿ ಕಾಯಿಲೆ ಬೀಳುತ್ತಾರೆ. ಅದನ್ನು ಅಲ್ಲಿಯವರು ಮೊಲದ ಹಸಿವೆಂದೇ ಕರೆಯುತ್ತಾರೆ. ನಮ್ಮ ಅವ್ವಂದಿರ ಮೊಲದ ಸಾರಿನ ರುಚಿಯಲ್ಲಿ ಮುಕ್ಕಾಲು ಪಾಲು ಕೊಬ್ಬರಿ, ಧನಿಯ, ಒಲೆಯ ಬೆಂಕಿಗೆ ಸೇರಿದ್ದು; ಉಳಿದ ಕಾಲುಪಾಲು, ವರ್ಷಕ್ಕೊಮ್ಮೆ ಮಾತ್ರ ಸಿಕ್ಕುತ್ತಿದ್ದುದಕ್ಕೆ.

ಕಾಯಿದೆ ಏನೆನ್ನುತ್ತದೆ?

ನಮ್ಮಲ್ಲಿಯೂ ಒಂದು ಕಾಲಕ್ಕೆ ತಿಂಗಳು ಗೊತ್ತುಮಾಡಿ ಬೇಟೆಗೆ ಮಿತಿ ಹಾಕುವ ಪ್ರಯತ್ನ ನಡೆಯಿತು. ಮೈಸೂರು ಸಂಸ್ಥಾನದಲ್ಲಿ ೧೯೦೧ರಷ್ಟು ಹಿಂದೆಯೇ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕಾಪಾಡುವ ರೆಗ್ಯುಲೇಷನ್ ಜಾರಿಗೆ ಬಂದಿತು. ಬ್ರಿಟಿಷ್ ಇಂಡಿಯಾದ ೧೯೧೨ರ ಕಾಯಿದೆ, ಬೇಟೆಯಾಡಬಾರದ ಕಾಲವನ್ನು ಗೊತ್ತುಮಾಡುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟಿತು. ಅದರ ಪಟ್ಟಿಯಲ್ಲಿ ಮೊಲವೂ ಇತ್ತು. ನಾನು ಉರುಳು ಕಟ್ಟಿದ ೧೯೬೪ರಲ್ಲಿ ಕಾಯಿದೆಯ ಮಾತಾಗಲಿ ಪರವಾನಗಿಯ ಮಾತಾಗಲಿ ನಮ್ಮ ಹಳ್ಳಿಯ ಕಿವಿಗೆ ಬಿದ್ದಿರಲಿಲ್ಲ. ದೊಡ್ಡಪ್ಪನ ಅಟ್ಟವೇ ನಮಗೆ ಕಾಯಿದೆ.

೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಕಾಡುಮೊಲ ಅದರ ನಾಲ್ಕನೆಯ ಅನುಸೂಚಿಯಲ್ಲಿ ಸೇರಿತು. ಮೊದಮೊದಲು ಸಣ್ಣ ಬೇಟೆಗೆಂದು ಪರವಾನಗಿ ಕೊಡುವ ಅವಕಾಶ ಆ ಕಾಯಿದೆಯಲ್ಲಿಯೇ ಇತ್ತು. ೧೯೯೧ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ೨೦೨೨ರ ತಿದ್ದುಪಡಿ ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದು ಅನುಸೂಚಿಗಳನ್ನು ಹೊಸದಾಗಿ ಜೋಡಿಸಿದಾಗ ಮೊಲ ಎರಡನೆಯ ಅನುಸೂಚಿಗೆ ಏರಿತು. ಈಗ ಮೊಲದ ಬೇಟೆಗೆ ಮೂರು ವರ್ಷಗಳವರೆಗೆ ಸೆರೆಮನೆ, ಇಲ್ಲವೆ ೧ ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಕೊಲ್ಲುವುದು ಮಾತ್ರವಲ್ಲ, ಬಲೆಯಲ್ಲಿ ಹಿಡಿಯುವುದು, ಉರುಳು ಒಡ್ಡುವುದು, ಹಿಡಿಯಲು ಯತ್ನಿಸುವುದು ಕೂಡ ಕಾಯಿದೆಯ ದೃಷ್ಟಿಯಲ್ಲಿ ಬೇಟೆಯೇ. ನನ್ನ ಪಾಲಿಗೆ ಬಂದದ್ದು ಒಂದು ತುಂಡು ಮಾಂಸವಷ್ಟೆ ಎನ್ನುವಂತೆಯೂ ಇಲ್ಲ. ಅಕ್ರಮವಾಗಿ ಕೊಂದ ಪ್ರಾಣಿಯ ಮಾಂಸವನ್ನು ಇಟ್ಟುಕೊಳ್ಳುವುದೂ ಅಪರಾಧವೇ.

ಹಬ್ಬದ ಉತ್ಸಾಹದಲ್ಲಿ, ಕೈಯಲ್ಲಿ ಮೊಲ ಹಿಡಿದು ಚಿತ್ರ ತೆಗೆಸಿಕೊಂಡು ಮೊಬೈಲಿನಲ್ಲಿ ಹಂಚುವ ಹುಡುಗರು ತಮ್ಮ ಮೇಲೆ ತಾವೇ ಸಾಕ್ಷ್ಯ ಬರೆದುಕೊಡುತ್ತಾರೆ. ಅಂಥವರ ಮೇಲೆ ಮೊಕದ್ದಮೆ ಹೂಡಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಸರಕಾರಿ ಕೆಲಸಕ್ಕೆ ಸೇರುವವನ ಪೂರ್ವಚರಿತ್ರೆಯನ್ನು ಪೊಲೀಸರು ವಿಚಾರಿಸುವುದು ಎಲ್ಲರೂ ಬಲ್ಲ ಸಂಗತಿ. ಇದನ್ನು ಹೇಳಿದಾಗ ಮೊಮ್ಮಗನ ಮುಖ ಸ್ವಲ್ಪ ಬಾಡಿತು. ಆದರೆ ಭಯದಿಂದ ಮಾತ್ರ ಅವನು ಬೇಟೆಯನ್ನು ಬಿಡಬೇಕೆಂಬುದು ನನ್ನ ಬಯಕೆಯಾಗಿರಲಿಲ್ಲ. ಮೊಲದ ಮಾಂಸವನ್ನೇ ತಿನ್ನಬೇಕೆಂಬುದೂ ಅವನ ಹಟವಲ್ಲ. ಹಟವಿದ್ದುದು ಊರಿನ ಹುಡುಗರ ಜೊತೆ ಗುಡ್ಡ ಹತ್ತಿ ಓಡುವುದರಲ್ಲಿ. ಆ ಆಸೆ ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ನೆಲವೇ ಇಲ್ಲದ ಮೇಲೆ

“ಊರಿನಲ್ಲಿ ಮೊಲ ಬೇಕಾದಷ್ಟಿವೆಯಂತೆ ತಾತ” ಎಂದ ಅವನು, ಕಡೆಯ ಪ್ರಯತ್ನವೆಂಬಂತೆ.

ಇದ್ದರೆ ಸಂತೋಷವೇ. ಜಗತ್ತಿನಲ್ಲಿ ಮೊಲ ಹೆಚ್ಚಾಗಿ ತೊಂದರೆಯಾದ ದೇಶವೂ ಇದೆ. ೧೮೫೯ರಲ್ಲಿ ಆಸ್ಟ್ರೇಲಿಯಾಕ್ಕೆ ಬೇಟೆಯ ಮೋಜಿಗೆಂದು ತಂದು ಬಿಟ್ಟ ಕೆಲವೇ ಬಿಲಮೊಲಗಳು ಕೋಟಿಗಟ್ಟಲೆಯಾಗಿ ಬೆಳೆದು ಹುಲ್ಲುಗಾವಲುಗಳನ್ನೇ ತಿಂದುಹಾಕಿದವು. ೧೯೫೦ರಲ್ಲಿ ರೋಗವನ್ನು ಹರಡಿಯೇ ಅವನ್ನು ತಗ್ಗಿಸಬೇಕಾಯಿತು. ಅಲ್ಲಿ ಅದು ಹೊರಗಿನಿಂದ ಬಂದ ಪ್ರಾಣಿ, ಹಿಡಿದು ತಿನ್ನುವ ಶತ್ರುಗಳೂ ಸಾಲದು. ನಮ್ಮ ಕಾಡುಮೊಲ ಈ ನೆಲದ್ದೇ. ನರಿ, ತೋಳ, ಕಾಡುಬೆಕ್ಕು, ಗೂಬೆ, ಹದ್ದು, ಹೆಬ್ಬಾವು, ಎಲ್ಲಕ್ಕೂ ಅದು ಆಹಾರ. ಮೊಲ ಉಳಿದಲ್ಲಿ ಇವೂ ಉಳಿಯುತ್ತವೆ. ಅದು ಇಲ್ಲವಾದರೆ ಅವುಗಳ ಕಣ್ಣು ಕುರಿಯ ರೊಪ್ಪಕ್ಕೆ, ಕೋಳಿಯ ಗೂಡಿಗೆ ತಿರುಗುತ್ತದೆ.

ಮೊಲಕ್ಕೆ ಬೇಕಾದದ್ದು ದಟ್ಟ ಅಡವಿಯಲ್ಲ; ಕುರುಚಲು, ಗೋಮಾಳ, ಹುಲ್ಲುಬಯಲು, ಹೊಲದ ಬದು. ಕಾಗದಪತ್ರದಲ್ಲಿ ಬೀಳುಭೂಮಿ ಎನ್ನಿಸಿಕೊಂಡು, ಬೆಂಗಳೂರು ಬೆಳೆದಂತೆ ಎಲ್ಲಕ್ಕಿಂತ ಮೊದಲು ನಿವೇಶನಗಳಾದ ನೆಲವೇ ಅದು. ವೃಷಭಾವತಿಯ ಎರಡೂ ದಡಗಳಲ್ಲಿ ಇಂದು ಮನೆಗಳ ಸಾಲು, ಕಾರ್ಖಾನೆಗಳ ಸಾಲು. ೨೦೧೫ರಲ್ಲಿ ನಮ್ಮ ಬಡಾವಣೆಗೆ ಮೆಟ್ರೋ ಬಂದಾಗ ನಾನೂ ಸಂತೋಷಪಟ್ಟವನೇ. ಈ ವಯಸ್ಸಿನಲ್ಲಿ ಅದು ದೊಡ್ಡ ಅನುಕೂಲ. ಆದರೆ ಅದರ ಕಿಟಕಿಯಿಂದ ಕೆಳಗೆ ನೋಡಿದಾಗ, ಮೊಲವೊಂದು ಹಗಲು ಹೊತ್ತು ಅಡಗಿ ಕುಳಿತುಕೊಳ್ಳಬಹುದಾದ ಒಂದು ಮೊಳ ಹುಲ್ಲೂ ಕಾಣುವುದಿಲ್ಲ. ಹೆಸರಘಟ್ಟದ ಹುಲ್ಲುಗಾವಲು, ತುರಹಳ್ಳಿಯ ಕುರುಚಲು ಗುಡ್ಡ, ಬನ್ನೇರುಘಟ್ಟದ ಅಂಚು ಮುಂತಾದ ಕೆಲವು ಕಡೆಗಳಲ್ಲಿ ಮಾತ್ರ ಆ ಬಗೆಯ ನೆಲ ಉಳಿದಿದೆ.

ನಮ್ಮ ಹಿರಿಯರ ಪಂಚಾಂಗ ನಡೆದದ್ದು ಇಂಥ ನೆಲ ಊರಿನ ಸುತ್ತ ಹರಡಿಕೊಂಡಿದ್ದ ಕಾಲದಲ್ಲಿ. ಒಂದು ಗುಡ್ಡದಲ್ಲಿ ಬೇಟೆಯಾದರೆ ಮುಂದಿನ ಗುಡ್ಡದಿಂದ ಮೊಲ ಬಂದು ತುಂಬಿಕೊಳ್ಳುತ್ತಿತ್ತು. ಈಗ ಮುಂದಿನ ಗುಡ್ಡವೇ ಕಲ್ಲಿನ ಕ್ವಾರಿಯಾಗಿದೆ. ಹಿರಿಯರ ನಿಯಮದಲ್ಲಿ ನಾಲ್ಕು ತಿಂಗಳು ಬೇಟೆ, ಎಂಟು ತಿಂಗಳು ತಡೆ ಇತ್ತು. ಅವರ ಹೆಸರು ಹೇಳಿ ಇಂದು ಬೇಟೆಗೆ ಹೊರಡುವವರು ನಾಲ್ಕು ತಿಂಗಳನ್ನು ನೆನೆಯುತ್ತಾರೆ, ಎಂಟು ತಿಂಗಳನ್ನು ಮರೆಯುತ್ತಾರೆ. ಬಿರುಸಾದ ಬೆಳಕನ್ನು ಕಣ್ಣಿಗೆ ಬಿಟ್ಟು, ದಿಕ್ಕು ತೋಚದೆ ನಿಂತ ಮೊಲವನ್ನು ಯಾವ ತಿಂಗಳಾದರೂ ಹೊಡೆಯುವವರಿದ್ದಾರೆ. ಅದಕ್ಕೆ ಪಂಚಾಂಗವೂ ಬೇಡ, ದಾರಿ ಗುರುತಿಸುವ ವಿದ್ಯೆಯೂ ಬೇಡ.

ಲೇಸಾದ ಮಾಸ

ಹಾಗಾದರೆ ಮೊಮ್ಮಗನ ಪ್ರಶ್ನೆಗೆ ಉತ್ತರವೇನು? ಕೊಂದು ತಿನ್ನುವುದಕ್ಕೆ ಹನ್ನೆರಡು ಮಾಸಗಳಲ್ಲಿ ಒಂದೂ ಲೇಸಲ್ಲ. ನೋಡುವುದಕ್ಕಾದರೆ, ದೊಡ್ಡಪ್ಪ ಹೇಳಿದ ಪುಷ್ಯದಿಂದ ಚೈತ್ರದವರೆಗಿನ ಕಾಲವೇ ಲೇಸು. ಅವರು ಹೇಳಿದ ಕಾರಣಗಳೇ ಇದಕ್ಕೂ ಒಪ್ಪುತ್ತವೆ: ಹೊಲ ಬೋಳಾಗಿರುತ್ತದೆ, ಪೊದೆ ತೆಳುವಾಗಿರುತ್ತದೆ, ನಮಗೂ ಬಿಡುವಿರುತ್ತದೆ. ಬೆಳಕು ಹರಿಯುವುದಕ್ಕೆ ಮುನ್ನ, ಇಲ್ಲವೆ ಹೊತ್ತು ಮುಳುಗಿದ ಮೇಲೆ, ಹೊಲದ ಅಂಚಿನಲ್ಲಿ ಗಾಳಿಗೆ ಎದುರಾಗಿ ಸದ್ದಿಲ್ಲದೆ ಕುಳಿತಿರಬೇಕು. ನಾಯಿಯನ್ನು ಕರೆದೊಯ್ಯಬಾರದು, ದೀಪ ಬಿಡಬಾರದು. ಒಂಟಿ ಮರಿ ಕಂಡರೆ ಅನಾಥವೆಂದು ಬಗೆದು ಎತ್ತಿಕೊಂಡು ಬರಬಾರದು. ತಾಯಿ ಹತ್ತಿರದಲ್ಲಿಯೇ ಇರುತ್ತದೆ.

ಯುಗಾದಿಗೆ ಊರಿಗೆ ಹೋದೆವು. ಹೊಸತೊಡಕಿನ ದಿನ ಬೆಳಗಿನ ಜಾವ ನಾಲ್ಕೂವರೆಗೆ ಮೊಮ್ಮಗನೂ ಅವನ ಇಬ್ಬರು ಗೆಳೆಯರೂ ನನ್ನನ್ನು ಎಬ್ಬಿಸಿದರು. ಉಳಿದ ಹುಡುಗರಿಗೆ ಇವನು ಏನು ಹೇಳಿದನೋ ನಾನು ಕೇಳಲಿಲ್ಲ. ಬಲೆಯ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ. ಹಳೆಯ ಕಡಲೆಕಾಯಿ ಹೊಲದ ಬದುವಿನ ಮೇಲೆ ಕುಳಿತೆವು. ಮುಕ್ಕಾಲು ಗಂಟೆ ಏನೂ ಇಲ್ಲ. ಹುಡುಗರು ಆಕಳಿಸತೊಡಗಿದರು. ಆಗ ಬೇಲಿಯ ಬುಡದಿಂದ ಎರಡು ಕಿವಿ ಮೇಲೆದ್ದವು. ಮೊಲ ಹೊರಗೆ ಬಂದು ಮುಂಗಾಲಿನಿಂದ ಮೂತಿ ಒರಸಿಕೊಂಡಿತು; ನಾಲ್ಕು ಹೆಜ್ಜೆ ಹಾಕಿತು; ಕುಳಿತಿತು; ನಮ್ಮ ಕಡೆ ನೋಡಿತು. ಮೊಮ್ಮಗ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

ಅದು ಹೋದ ಮೇಲೆ ಅವನು ಎದ್ದು, ಬೇಲಿಯ ಬಳಿ ಮಂಡಿಯೂರಿ, ಹುಲ್ಲು ಬಾಗಿದ್ದ ದಾರಿಯನ್ನು ನೋಡುತ್ತ, “ತಾತ, ನೀವು ಉರುಳು ಕಟ್ಟಿದ್ದು ಇಲ್ಲಿಯೇ ಅಲ್ಲವೆ?” ಎಂದು ಕೇಳಿದ.

ಹೌದೆಂದೆ. ಮನೆಗೆ ಬಂದಾಗ ಹೊಸತೊಡಕಿನ ಅಡಿಗೆಗೆ ಪೇಟೆಯಿಂದ ಕೋಳಿ ಬಂದಿತ್ತು. ಮಸಾಲೆ ಅವ್ವನ ಕಾಲದ್ದೇ. ಕೊಬ್ಬರಿ, ಧನಿಯ, ಒಲೆಯ ಬೆಂಕಿ. ರುಚಿಗೆ ಏನೂ ಕೊರತೆಯಾಗಲಿಲ್ಲ.